ಕಾಲೇಜು ಕೇಳಿದ ಕಾಲು

ಇಮಾಮಹುಸೇನನ ಬಲಗಾಲಿಗೆ ಮೊದಲು ಬೈದವನು ಅವನ ತಂದೆ ಅಬ್ದುಲಸಾಬ. ಇಳಕಲ್ಲಿನ ಅವರ ಮನೆಯಲ್ಲಿ ಒಂದೇ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯಬೇಕು, ಮೇಲೆ ಲಾಳಿ ಓಡಬೇಕು. ಹುಡುಗ ತುಳಿಯುತ್ತಿರಲಿಲ್ಲ, ಒದೆಯುತ್ತಿದ್ದ. ಎಳೆ ಪಟ್ಟನೆ ಹರಿಯುತ್ತಿತ್ತು.

“ಸೀರಿ ನೇಯಂದ್ರ ಕತ್ತೆ ಒದ್ದಂಗ ಒದೀತಿ. ಯಾವ ಜನ್ಮದಾಗ ಕತ್ತೆ ಆಗಿದ್ದ್ಯೋ ಏನೋ” ಎನ್ನುತ್ತಿದ್ದ ತಂದೆ.

ತಾಯಿ ಖೈರುನಬಿಗೆ ಈ ಮಾತು ಸೇರುತ್ತಿರಲಿಲ್ಲ. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟ ಮೇಲೆ ಅಲಾಯಿ ದೇವರಿಗೆ ಬೇಡಿಕೊಂಡು ಹೆತ್ತ ಮಗ ಅವನು. ಮೊಹರಮ್ಮಿನಲ್ಲಿ ದೇವರ ಹಸ್ತದ ಪಂಜಾ ಹಿಡಿದವರ ಹಿಂದೆ ಕೆಂಡದ ಕುಣಿಯಲ್ಲಿ ನಡೆಸುತ್ತೇನೆಂದು ಹರಕೆ ಹೊತ್ತು ಹೆತ್ತಿದ್ದಳು. ಹಾಗೆಯೇ ನಡೆಸಿದಳು. ತಿಳಿವಳಿಕೆ ಬಂದಾಗಿನಿಂದ ಅವನು ವರ್ಷವೂ ಕೆಂಡ ಹಾಯ್ದ. ಒಂದು ಗುಳ್ಳೆ ಏಳಲಿಲ್ಲ. ಬರಿಗಾಲಲ್ಲಿ ಕಲ್ಲು ಮುಳ್ಳು ತುಳಿದು ಅವನ ಅಂಗಾಲು ಹಳೆಯ ಚಪ್ಪಲಿಯ ಅಟ್ಟೆಯಂತೆ ಆಗಿತ್ತು. ತಾಯಿ ಮಾತ್ರ ಅದು ದೇವರ ಕರುಣೆ ಎಂದಳು. ಓಣಿಯವರೂ ಹಾಗೇ ಎಂದರು. ಕೆಂಡ ಹಾಯುವಾಗ ಸುಟ್ಟುಕೊಂಡವನ ಮನಸ್ಸಿನಲ್ಲಿ ಹೊಲಸು ಇರುತ್ತದೆ ಎಂಬುದು ಆ ಓಣಿಯ ತೀರ್ಪು. ಆ ತೀರ್ಪಿಗೆ ಮೇಲಿನ ಕೋರ್ಟು ಇರಲಿಲ್ಲ.

ಕೋರ್ಟಿನ ಹುಚ್ಚು ಇಮಾಮಹುಸೇನನಿಗೆ ಹತ್ತಿದ್ದು ಹುನಗುಂದದಲ್ಲಿ. ಪಕ್ಕದ ಮನೆಯವರು ಇವರ ಗೋಡೆ ತಮ್ಮದೆಂದು ದಾವೆ ಹಾಕಿದ್ದರು. ತಂದೆಯ ಜೊತೆ ಹೋಗಿದ್ದ ಹುಡುಗ ಬಾಗಿಲಲ್ಲಿ ನಿಂತು ನೋಡಿದ. ಕರಿ ಕೋಟಿನ ವಕೀಲನೊಬ್ಬ ಎದ್ದು ನಿಂತು ನಾಲ್ಕು ಮಾತಾಡಿದ, ಗೋಡೆ ಇವರದಾಯಿತು. ತಂದೆ ಮೂರು ವರ್ಷ ಕೈಮುಗಿದರೂ ಆಗದ್ದು ನಾಲ್ಕು ಮಾತಿಗೆ ಆಯಿತು. ಬರುವಾಗ ಗಾಡಿಯಲ್ಲಿ ಹುಡುಗ ಹೇಳಿದ: “ಅಬ್ಬಾ, ನಾ ವಕೀಲ ಆಗ್ತೇನಿ.”

“ಆಗು. ಮೊದಲ ಎಳಿ ಹರೀದಂಗ ತುಳಿಯೋದು ಕಲಿ” ಎಂದ ತಂದೆ.

ಹುಡುಗ ಬಿಡಲಿಲ್ಲ. ಬಾಗಲಕೋಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಸಾಲೆಗೆ ಹೋದ. ಓದಿನಲ್ಲಿ ಮುಂದೆ ಅಲ್ಲ, ಹಿಂದೆಯೂ ಅಲ್ಲ. ಒಂದು ಸಲ ಮ್ಯಾಟ್ರಿಕ್ ನಪಾಸಾದ. ಮದುವೆಯೂ ಆಯಿತು, ಬೇವೂರಿನ ರಂಜಾನಬಿಯ ಜೊತೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅವನು ಓದುವಾಗ ಎದುರಿಗೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವನು ತೂಕಡಿಸಿದರೆ ಕಂಡಿಕೆಯಿಂದ ಮೊಣಕಾಲಿಗೆ ಕುಟ್ಟುತ್ತಿದ್ದಳು.

ಬಾಗಲಕೋಟೆಯಲ್ಲಿ ರೈಲ್ವೆ ಮಂದಿ ಬೂಟು ಹಾಕಿಕೊಂಡು ಫುಟ್‌ಬಾಲ್ ಆಡುತ್ತಿದ್ದರು. ಸಾಲೆ ಹುಡುಗರು ಬರಿಗಾಲಲ್ಲಿ ಅವರ ಎದುರು ಆಡುತ್ತಿದ್ದರು. ಮಗ್ಗದಲ್ಲಿ ಬೈಸಿಕೊಂಡ ಕಾಲು ಅಲ್ಲಿ ಹೆಸರು ಮಾಡಿತು. ಇಮಾಮಹುಸೇನ ಒದ್ದ ಚೆಂಡಿಗೆ ಅಡ್ಡ ನಿಲ್ಲಲು ಬೂಟಿನವರೂ ಹಿಂದೆಮುಂದೆ ನೋಡುತ್ತಿದ್ದರು.

ಪಂಢರೀನಾಥ ಬಾಗಲಕೋಟೆಯವನೇ. ಓದುಬರಹದ ಬ್ರಾಹ್ಮಣರ ಮನೆಯ ಹುಡುಗ. ಪುಣೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದ, ಅಲ್ಲಿಯ ಫುಟ್‌ಬಾಲ್ ತಂಡಕ್ಕೆ ಅವನೇ ಕ್ಯಾಪ್ಟನ್. ಬಹಳ ಬಿಗಿಯಾದ ಕಾಲೇಜು ಅದು. ಮ್ಯಾಟ್ರಿಕ್ ಪಾಸಾದರೆ ಸಾಲದು, ಮೇಲಿನ ನಂಬರು ಬೇಕು. ಒಳ್ಳೊಳ್ಳೆ ಮನೆಯ ಹುಡುಗರೇ ಜಾಗ ಸಿಗದೆ ಗೇಟಿನಿಂದ ಅಳುತ್ತ ತಿರುಗಿ ಹೋಗುತ್ತಿದ್ದರು. ಓದಿನಲ್ಲಿ ಅಷ್ಟು ಬಿಗಿ ಇದ್ದುದರಿಂದಲೇ ಆಟದಲ್ಲಿ ಸೊನ್ನೆ. ಪಲ್ಟನ್ನಿನ ಸೋಲ್ಜರರು ವರ್ಷವೂ ಇವರನ್ನು ಒದ್ದು ಪಂದ್ಯದ ಕಪ್ಪು ಒಯ್ಯುತ್ತಿದ್ದರು.

ಸಾವಿರದ ಒಂಬೈನೂರ ಹತ್ತರ ದೀಪಾವಳಿ ಸೂಟಿಯಲ್ಲಿ ಪಂಢರೀನಾಥ ತನ್ನ ಕಾಲೇಜಿನ ಬಿಳಿ ಪ್ರೊಫೆಸರನನ್ನು ಬಾದಾಮಿಯ ಗುಹೆ ತೋರಿಸಲು ಕರೆತಂದ. ಗುಹೆ ನೆಪ. ಬಾದಾಮಿ ಸ್ಟೇಷನ್ನಿನ ಬಯಲಿನಲ್ಲಿ ರೈಲ್ವೆ ಮಂದಿಗೂ ಬಾಗಲಕೋಟೆಯ ಹುಡುಗರಿಗೂ ಮ್ಯಾಚು ಇಡಿಸಿದ್ದ. ಪ್ರೊಫೆಸರ್ ಛತ್ರಿ ಊರಿಕೊಂಡು ನೋಡಿದ. ಆಟ ಮುಗಿದ ಮೇಲೆ ಇಮಾಮಹುಸೇನನನ್ನು ಕರೆದು ಕಲ್ಲಿನ ಮೇಲೆ ನಿಲ್ಲಿಸಿ, ಕೂತು ಮೀನಖಂಡ ಹಿಚುಕಿದ, ಹಿಮ್ಮಡಿ ತಿರುಗಿಸಿದ, ಬೆರಳು ಒಂದೊಂದಾಗಿ ಎಳೆದು ನೋಡಿದ. ಸಂತೆಯಲ್ಲಿ ಎತ್ತು ಕೊಳ್ಳುವವರು ಹಾಗೆ ನೋಡುತ್ತಾರೆ. ಆಮೇಲೆ ಕೈ ಒರೆಸಿಕೊಂಡು ಪಂಢರೀನಾಥನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

“ಲೇ ಇಮಾಮ, ಸಾಹೇಬ್ರಿಗೆ ನೀ ಪಾಸಾಗಿದೀ” ಎಂದ ಪಂಢರೀನಾಥ. “ಇನ್ನ ಮ್ಯಾಟ್ರಿಕ್ ಒಂದು ಪಾಸಾಗು. ನಂಬರ ಎಷ್ಟರ ಬರಲಿ, ಪ್ರಿನ್ಸಿಪಾಲರಿಗೆ ಹೇಳಿ ಜಾಗಾ ಕೊಡಸ್ತಾರ. ಫೀ ಮಾಫಿ, ಊಟ ಕಾಲೇಜಿಂದು. ಫೆಬ್ರುವರಿಯೊಳಗ ಕಪ್ಪಿನ ಆಟ ಅದ. ನೀ ಆಡಬೇಕು.”

“ಮುಂದ ವಕೀಲಿ ಓದಬಹುದೇನ್ರಿ ರಾಯ್ರ?”

“ಮೊದಲ ಚೆಂಡು ಒದಿಯೋ. ವಕೀಲಿ ಎಲ್ಲಿ ಓಡಿ ಹೋಗ್ತದ?”

ಹೋಗುವಾಗ ಪ್ರೊಫೆಸರ್ ಒಂದು ಜೊತೆ ಬೂಟು ಕೊಟ್ಟ. ದಪ್ಪ ಚರ್ಮದ್ದು, ಕಣಕಾಲಿನ ತನಕ ಬರುವಂಥದ್ದು. ಪಲ್ಟನ್ನಿನವರ ಬೂಟಿನ ಎದುರು ಬರಿಗಾಲು ನಡೆಯುವುದಿಲ್ಲ, ಎರಡು ತಿಂಗಳಲ್ಲಿ ಕಾಲು ಬೂಟಿಗೆ ಪಳಗಬೇಕು, ದಿನವಿಡೀ ಹಾಕಿಕೊಂಡಿರಬೇಕು ಎಂದ.

ಇಮಾಮಹುಸೇನ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಬೂಟು ಹಾಕಿಕೊಂಡು ಪರೀಕ್ಷೆಗೆ ಓದಿದ. ಬೂಟು ಹಾಕಿಕೊಂಡು ಪರೀಕ್ಷೆ ಬರೆದು ಬಂದ. ಇಳಕಲ್ಲಿನ ಓಣಿಯಲ್ಲಿ ಬೂಟು ಹಾಕಿಕೊಂಡು ಓಡಾಡಿದ. ಮಕ್ಕಳು “ಕಲೆಕ್ಟರ ಬಂದಾ” ಎಂದು ಹಿಂದೆ ಓಡಿದವು. ಎದುರು ಮನೆಯ ರಾಮವ್ವ ಕಟ್ಟೆಯ ಮೇಲಿಂದ ಕೂಗಿದಳು, “ಇಮಾಮಾ, ಪಾಯಖಾನಿಗೂ ಹಾಕ್ಕೊಂಡ ಹೋಗ್ತೀಯೇನಪಾ?”

“ಹೌದಬೇ. ಬೇಕಾದ್ರ ಬಂದು ನೋಡು.”

“ಹೋಗ ಭಾಡ್ಯಾ” ಎಂದು ರಾಮವ್ವ ನಕ್ಕಳು.

ಮೊದಲು ಹಿಮ್ಮಡಿ ಕಿತ್ತಿತು. ಆಮೇಲೆ ಹಳೆಯ ದಡ್ಡು ಚರ್ಮ ಬೆವರಿನಲ್ಲಿ ನೆನೆದು ಪದರು ಪದರಾಗಿ ಸುಲಿಯಿತು. ಕೆಳಗೆ ಬಂದ ಹೊಸ ಚರ್ಮ ಬೆಳ್ಳಗೆ, ತೆಳ್ಳಗೆ, ಕೂಸಿನ ಚರ್ಮದ ಹಾಗೆ. ರಾತ್ರಿ ಬೂಟು ಬಿಚ್ಚಿ ಬಿಸಿನೀರು ಹಾಕುವವಳು ರಂಜಾನಬಿ. ಒಂದು ದಿನ ಅಂಗಾಲು ಸವರಿ ಹೇಳಿದಳು: “ರೀ, ನಿಮ್ಮ ಕಾಲು ನನ್ನ ಕೈಗಿಂತ ಮೆತ್ತಗ ಆಗ್ಯಾವಲ್ರಿ. ಇನ್ನ ನೀವ ರೊಟ್ಟಿ ಬಡೀಬೇಕು.”

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಪಾಸು. ಕೆಳಗಿನ ನಂಬರು, ಆದರೂ ಪಾಸು. ಅಬ್ದುಲಸಾಬ ಅಂದು ಮಗ್ಗ ನಿಲ್ಲಿಸಿದ. ಮದುವೆಗೂ ನಿಲ್ಲಿಸದ ಮಗ್ಗ ಅದು. ಪಂಢರೀನಾಥನ ಕಾಗದವೂ ಬಂತು: ಜಾಗ ಗಟ್ಟಿ, ಜನವರಿ ಇಪ್ಪತ್ತರೊಳಗೆ ಬಾ, ಕಾಲು ಜೋಪಾನ.

ಖೈರುನಬಿ ಸುಮ್ಮನೆ ಕೂಡುವವಳಲ್ಲ. ಮಗ ಪರೀಕ್ಷೆಗೆ ಕೂತ ದಿನವೇ ಅಲಾಯಿ ಕುಣಿಯ ಮಣ್ಣು ಮುಟ್ಟಿ ಹರಕೆ ಹೊತ್ತಿದ್ದಳು. ಪಾಸಾದರೆ ಮಗ ಈ ಸಲ ತಾನೇ ಪಂಜಾ ಹಿಡಿದು ಮೂರು ಸುತ್ತು ಕೆಂಡ ಹಾಯುತ್ತಾನೆ. ಯಾರಿಗೂ ಹೇಳಿರಲಿಲ್ಲ. ಪಾಸಾದ ಮೇಲೆ ಓಣಿಗೆಲ್ಲ ಹೇಳಿದಳು. ಪಂಜಾ ಕಟ್ಟುವ ಮುಜಾವರನಿಗೆ ಸಕ್ಕರೆ ಕೊಟ್ಟು ಬಂದಳು. ಮೊಹರಮ್ಮು ಜನವರಿಯಲ್ಲೇ ಬಿದ್ದಿತ್ತು.

“ಅಮ್ಮಾ, ಈ ವರ್ಷ ಬ್ಯಾಡ. ಸಾಹೇಬ್ರು ಕಾಲು ಜ್ವಾಕಿ ಅಂದಾರ. ಮುಂದಿನ ವರ್ಷ ಸೂಟಿಗೆ ಬಂದಾಗ ಹಾಯ್ತೇನಿ.”

“ಕಾಲು ಕೊಟ್ಟಾಂವ ಸಾಹೇಬನೋ ದೇವರೋ?”

“ದೇವರ ಕೊಟ್ಟಾನ. ಖರೆ. ಆದ್ರ ಚರ್ಮ ಸುಲದೈತಿ, ನೋಡಿಲ್ಲೆ.”

ಅವಳು ನೋಡಲಿಲ್ಲ. “ಕೆಲಸ ಆಗೂತನಾ ದೇವರು, ಆದ ಮ್ಯಾಲ ಮುಂದಿನ ವರ್ಷ. ಇದು ಸಾವಕಾರರ ಬುದ್ಧಿ. ನನ್ನ ಹೊಟ್ಯಾಗ ಹುಟ್ಟಿದಾಂವಂದಲ್ಲ. ಹರಕಿ ತಪ್ಪಿಸಿ ಹೋಗು, ಅಲ್ಲೆ ಕಾಲು ಮುರಕೊಂಡು ಬರ್ತಿ. ಆವಾಗ ನನ್ನ ಮುಂದ ಅಳಬ್ಯಾಡ.”

ರಂಜಾನಬಿ ಬಾಯಿ ಹಾಕಿದಳು. “ಅತ್ತಿ, ಕಾಲು ಭಾಳ ಮೆತ್ತಗಾಗ್ಯಾವ್ರಿ. ಬೇಕಾದ್ರ ಅವರ ಬದಲಿ ನಾ...”

“ನೀನ್ಯಾವಾಕಿ?” ಎಂದಳು ಖೈರುನಬಿ. ಅಷ್ಟೇ.

ಇಮಾಮಹುಸೇನನಿಗೂ ಒಳಗೆ ಹೆದರಿಕೆ. ಬೆಂಕಿಯದಲ್ಲ. ಹರಕೆ ತಪ್ಪಿ ಹೋದರೆ ಪುಣೆಯಲ್ಲಿ ಏನಾದರೂ ಆದೀತೆಂಬ ಹೆದರಿಕೆ. ಹುಟ್ಟಿದಾಗಿನಿಂದ ಕೇಳಿದ ಮಾತು, ಇಂಗ್ಲಿಷ್ ಓದಿದರೆ ಹೋಗುತ್ತದೆಯೇ. ಇಷ್ಟು ವರ್ಷ ಏನೂ ಆಗಲಿಲ್ಲ, ಈಗಲೂ ಆಗುವುದಿಲ್ಲ ಎಂದುಕೊಂಡ.

ಮೊಹರಮ್ಮಿನ ಕತ್ತಲ ರಾತ್ರಿ ಕಳೆದು ಬೆಳಗಾಗುವ ಹೊತ್ತು. ಓಣಿಯ ಹಿಂದೂಗಳೂ ಮುಸಲ್ಮಾನರೂ ಕೊಟ್ಟ ಕಟ್ಟಿಗೆ ಉರಿದು ಕುಣಿ ತುಂಬ ಕೆಂಡವಾಗಿತ್ತು. ರಾಮವ್ವ ಉಪ್ಪು ಎರಚಿದಳು, ಚಟಪಟ ಅಂದಿತು. ಚರ್ಮದ ಹಲಗೆ ಬಾರಿಸಿದರು. ಇಮಾಮಹುಸೇನ ಮಿಂದು ಒದ್ದೆ ಮೈಯಲ್ಲಿ ಪಂಜಾ ಎತ್ತಿಕೊಂಡು ಇಳಿದ.

ಮೊದಲ ಹೆಜ್ಜೆಗೇ ತಿಳಿಯಿತು. ಪ್ರತಿ ವರ್ಷದ ಬಿಸಿಯಲ್ಲ ಇದು. ಕೆಂಡ ಅಂಗಾಲಿಗೆ ಅಂಟಿಕೊಂಡಿತು. ಆದರೆ ಕೈಯಲ್ಲಿ ಪಂಜಾ, ಸುತ್ತ ಊರು, ಎದುರಿಗೆ ತಾಯಿ. ಓಡುವ ಹಾಗಿಲ್ಲ, ಒದರುವ ಹಾಗಿಲ್ಲ. ಒಂದು ಸುತ್ತು ಆಯಿತು. ಎರಡಾಯಿತು. ಮೂರನೆಯದಕ್ಕೆ ಇಳಿಯುವಾಗ ತಾಯಿಯ ಮುಖ ನೋಡಿದ, ಸಾಕು ಅನ್ನುತ್ತಾಳೇನೋ ಎಂದು. ಅವಳು ಕಣ್ಣು ಮುಚ್ಚಿ “ಯಾ ಹುಸೇನ್” ಎನ್ನುತ್ತಿದ್ದಳು. ಮೂರನೆಯದನ್ನೂ ಮುಗಿಸಿದ. ಮನೆತನಕ ನೆಟ್ಟಗೆ ನಡೆದು ಬಂದ. ಒಳಗೆ ಬಂದು ಬಾಗಿಲು ಹಾಕಿ ಬಿದ್ದ.

ರಂಜಾನಬಿ ಬೂದಿ ತೊಳೆಯಲು ನೀರು ಹಾಕಿದಳು. ಬೂದಿಯ ಜೊತೆ ಚರ್ಮವೂ ಬಂತು.

“ಬಾಯಿ ಬಿಟ್ಟೀ ನೋಡು” ಎಂದ ಅವನು ಹಲ್ಲು ಕಚ್ಚಿ. “ಸುಟ್ಟೈತಿ ಅಂತ ಓಣಿಗೆ ಗೊತ್ತಾತಂದ್ರ ನನ್ನ ಕತಿ ಮುಗೀತು.”

ಮೂರೇ ದಿನದಲ್ಲಿ ಗೊತ್ತಾಯಿತು. ಹುಣ್ಣಿನ ವಾಸನೆಗೆ ಗೋಡೆ ಅಡ್ಡವಲ್ಲ. ಮೊನ್ನೆ ಪಂಜಾ ಹಿಡಿದವನ ಕಾಲಿಗೆ ಬಿದ್ದವರು ಇಂದು ನೀರಿನ ಕಟ್ಟೆಯಲ್ಲಿ ಮಾತಾಡಿದರು. ಬೂಟು ಹಾಕಿ ಹಾಕಿ ಕಿರಿಸ್ತಾನ ಆಗ್ಯಾನ. ಸಾಹೇಬನ ಎಂಜಲ ತಿಂದಾನ. ಖೈರುನಬಿ ಆ ಮಾತು ಕೇಳಿ ಬಂದು ಹೊಸ್ತಿಲಲ್ಲಿ ನಿಂತಳು. ಮಗನ ಕಾಲಿಗೆ ರಂಜಾನಬಿ ಎಣ್ಣೆ ಹಚ್ಚುತ್ತಿದ್ದಳು.

“ಏನ ಹೊಲಸ ಮಾಡಿದ್ದಿ ಹೇಳು.”

“ಏನೂ ಇಲ್ಲಮ್ಮಾ.”

“ಏನೂ ಇಲ್ದ ದೇವರು ಸುಡೂದಿಲ್ಲ. ನನ್ನ ಮುಖಕ್ಕ ಮಸಿ ಬಳದಿ.”

ಅವಳು ಆ ಕಾಲು ಮುಟ್ಟಲಿಲ್ಲ.

ಹೇಳಿದ ದಿನಕ್ಕೆ ಅವನು ಪುಣೆಗೆ ಹೊರಟ. ಬಾಗಲಕೋಟೆಯ ತನಕ ಗಾಡಿ, ಅಲ್ಲಿಂದ ರೈಲು. ಕಾಲಿಗೆ ಎಣ್ಣೆಬಟ್ಟೆ ಸುತ್ತಿ ಮೇಲೆ ಬೂಟು. ರಂಜಾನಬಿ ಗಾಡಿ ಹಿಡಿದುಕೊಂಡು ಅಂದಳು, “ಖರೇದ್ದು ಹೇಳ್ರಿ ಅವರಿಗೆ. ಎರಡು ತಿಂಗಳು ತಡೀರಿ ಅನ್ರಿ. ಓದಿದಾವ್ರು, ತಿಳಕೋತಾರ.”

“ಹೇಳ್ತೇನಿ” ಎಂದ. ಹೇಳಲಿಲ್ಲ. ಹೇಳಿದರೆ ಗೇಟಿನ ಒಳಗೇ ಬಿಡಲಿಕ್ಕಿಲ್ಲ ಎಂದು ಅಂಜಿದ. ಆಡಿ ತೋರಿಸಿದರೆ ಹೆಸರು ಬರೆದುಕೊಳ್ಳುತ್ತಾರೆ, ಆಮೇಲೆ ಮಲಗಿದರಾಯಿತು ಎಂದು ಲೆಕ್ಕ ಹಾಕಿದ.

ಪುಣೆ ಮುಟ್ಟಿದ ಮರುದಿನವೇ ಕಪ್ಪಿನ ತಯಾರಿಗೆಂದು ಪಲ್ಟನ್ನಿನವರ ಜೊತೆ ಆಟ. ಇಮಾಮಹುಸೇನ ಇಳಿದ. ಅವನು ಓಡುವುದು ನೋಡಿ ಪಂಢರೀನಾಥ, “ಏನೋ, ಗರ್ಭಿಣಿ ಹಂಗ ಓಡ್ಲಿಕತ್ತೀ?” ಎಂದ. ಎಲ್ಲರೂ ನಕ್ಕರು. ಅಷ್ಟರಲ್ಲಿ ಚೆಂಡು ಅವನ ಬಲಗಾಲಿಗೆ ಬಂತು. ಒದ್ದ. ಗೋಲಾಯಿತು. ನಗುತ್ತಿದ್ದವರು ಕುಣಿದರು, ಪ್ರೊಫೆಸರ್ ಹ್ಯಾಟು ಎತ್ತಿದ. ಇಮಾಮಹುಸೇನ ಕುಣಿಯಲಿಲ್ಲ. ನಿಂತಲ್ಲೇ ಕೂತ, ಕೂತವನು ಏಳಲಿಲ್ಲ.

ಬೂಟು ಬಿಚ್ಚಿದರು. ಬಟ್ಟೆ ಹುಣ್ಣಿಗೆ ಹತ್ತಿತ್ತು. ಪ್ರೊಫೆಸರ್ ತಾನೇ ಎಳೆದ. ಎಳೆದು, ಕಂಡದ್ದನ್ನು ಕಂಡು ಮೂಗಿಗೆ ಕರವಸ್ತ್ರ ಹಿಡಿದ.

“ಮೊಹರಮ್ಮಿನ ಬೆಂಕ್ಯಾಗ ಹೋಗಂತ ಯಾರು ಹೇಳಿದ್ರೋ ನಿನಗ?” ಎಂದ ಪಂಢರೀನಾಥ.

“ನಮ್ಮಮ್ಮ.”

ಪಂಢರೀನಾಥ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸೋಲ್ಜರರು ನಕ್ಕರು. ಒಬ್ಬ ತನ್ನ ಕಾಲು ಎತ್ತಿ ಬೆಂಕಿ ಹತ್ತಿದವನ ಹಾಗೆ ಕುಂಟಿ ತೋರಿಸಿದ.

ಮರುದಿನ ಇಮಾಮಹುಸೇನ ಪ್ರಿನ್ಸಿಪಾಲನ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತ. ಒಳಗೆ ಕರೆದರು, ಕೂಡು ಅನ್ನಲಿಲ್ಲ. ಪ್ರಿನ್ಸಿಪಾಲ ಅವನ ಮುಖ ನೋಡದೆ ನಾಲ್ಕು ಮಾತಾಡಿದ. ನಾಲ್ಕು ಮಾತಿಗೆ ಎಷ್ಟು ಬಲ ಇರುತ್ತದೆಂದು ಇಮಾಮಹುಸೇನನಿಗೆ ಮೊದಲೇ ಗೊತ್ತಿತ್ತು.

ಹೊರಗೆ ಬಂದು ಪಂಢರೀನಾಥ ಬಿಡಿಸಿ ಹೇಳಿದ. “ನಿನ್ನ ನಂಬರಿಗೆ ಇಲ್ಲಿ ಜಾಗಾ ಇಲ್ಲ. ಜಾಗಾ ಕೊಟ್ಟದ್ದು ಕಾಲಿಗೆ. ಕಾಲು ಇಲ್ಲ, ಜಾಗಾ ಇಲ್ಲ. ಇದರಾಗ ಅನ್ಯಾಯ ಏನದ ಹೇಳು?”

“ಎರಡು ತಿಂಗಳಿಗೆ ವಾಸಿ ಆಗ್ತೈತಿ ರಾಯ್ರ. ಅಲ್ಲೀತನ ಓದ್ತೇನಿ. ಮೂಲ್ಯಾಗ ಕುಂದ್ರತೇನಿ. ನಾನೂ ಪಾಸಾಗೇನಲ್ರಿ.”

“ಎರಡು ತಿಂಗಳಿಗೆ ಕಪ್ಪು ಮುಗದಿರ್ತದೋ. ಬೆಳಗಾವಿ ಕಡೆ ಹುಡುಗ ಒಬ್ಬಾಂವ ಬಂದಾನ. ಬೂಟು ತಿರುಗಿ ಕೊಡು, ಅಂವಗ ಅಳತಿ ನೋಡಬೇಕು. ಕಾಲೇಜಿನ ಸಾಮಾನು ಅದು.”

ಬೂಟು ತೊಳೆದು ಕೊಡು ಎಂದರು. ಇಮಾಮಹುಸೇನ ನಳದ ಕೆಳಗೆ ಕೂತು ತನ್ನ ರಕ್ತ ತಾನೇ ತೊಳೆದು ಕೊಟ್ಟ.

ಇಳಕಲ್ಲಿಗೆ ಬಂದಾಗ ಜ್ವರ ಏರಿತ್ತು. ಖೈರುನಬಿ ಮಗನನ್ನು ಕಂಡು ಅತ್ತಳು, ಇಲ್ಲವೆನ್ನಬಾರದು. ಅತ್ತು ಮುಗಿದ ಮೇಲೆ ಸೆರಗು ಹೊದ್ದು ಅಲಾಯಿ ಕುಣಿಗೆ ಹೋಗಿ ಬಂದು, ಜ್ವರದಲ್ಲಿದ್ದವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು: “ನಿನ್ನ ಮನಸಿನ್ಯಾಗ ಸಂಶೇ ಇತ್ತು, ಅದಕ್ಕ ಸುಟ್ಟಿತು, ಕಾಲೇಜನೂ ಹೋತು. ಮುಂದಿನ ವರ್ಷ ಐದು ಸುತ್ತು ಅಂತ ಹರಕಿ ಹೊತ್ತು ಬಂದೇನಿ. ಎಲ್ಲಾ ಚಲೋ ಆಗ್ತೈತಿ.”

ಅವನು ಕಣ್ಣು ತೆರೆದ. ಪಕ್ಕದಲ್ಲಿದ್ದ ರಂಜಾನಬಿಗೆ ಮಾತ್ರ ಅವನು ನಕ್ಕದ್ದು ಕಂಡಿತು. ಆ ನಗುವಿಗೆ ಅವಳು ಹೆದರಿದಳು.

ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು. ಅಂಗಾಲಿನ ಮೇಲೆ ಹೊಳೆಯುವ ಬಿಗಿ ಚರ್ಮ ಬಂತು. ಅದಕ್ಕೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಮಗ್ಗಕ್ಕೆ ಕೂಡಿಸಿದರು. ಹಲಗೆ ಎಲ್ಲಿದೆ ಎಂದು ಕಾಲಿಗೆ ಗೊತ್ತಾಗದೆ ನೇಯ್ಗೆ ಕೆಟ್ಟಿತು. ತಂದೆ ಬೈಯಲಿಲ್ಲ, ಅದೇ ಕೆಟ್ಟದಾಯಿತು. ಕಡೆಗೆ ಅವನಿಗೆ ಕಲಿಸಿದ್ದ ಸಾಲೆಯ ಪ್ರಹ್ಲಾದ ಮಾಸ್ತರರು ಹೇಳಿ ಹುನಗುಂದದ ಕೋರ್ಟಿನಲ್ಲಿ ನಕಲು ಬರೆಯುವ ಕೆಲಸ ಕೊಡಿಸಿದರು. ಗಂಡ ಹೆಂಡತಿ ಅಲ್ಲೊಂದು ಕೋಣೆ ಹಿಡಿದರು. ವಕೀಲರು ಎದ್ದು ಮಾತಾಡುತ್ತಿದ್ದರು. ಅವನು ಹೊರಗಿನ ಜಗಲಿಯಲ್ಲಿ ಕೂತು ಅವರ ಮಾತನ್ನು ನಕಲು ತೆಗೆಯುತ್ತಿದ್ದ. “ಲೇ ಕುಂಟ್ಯಾ, ಆ ಕಾಗದ ತಾ” ಎಂದರೆ ಎದ್ದು ಕೊಡುತ್ತಿದ್ದ.

ಮತ್ತೆ ಮೊಹರಮ್ಮು ಬಂತು. ಹೋಗುವುದು ಬೇಡವೆಂದು ರಂಜಾನಬಿ ಕಾಲು ಹಿಡಿದಳು. “ಅಮ್ಮ ಹರಕಿ ಹೊತ್ತಾಳ. ಹೋಗಬೇಕು” ಎಂದ. ದನಿ ತಣ್ಣಗಿತ್ತು.

ಬೆಳಕು ಹರಿಯುವಾಗ ಪಂಜಾ ಹಿಡಿದು ಇಳಿದ. ಒಂದು ಸುತ್ತು, ಎರಡು, ಮೂರು. ಮುಖದಲ್ಲಿ ಏನೂ ಇಲ್ಲ. ಹೆಜ್ಜೆ ತಪ್ಪಲಿಲ್ಲ. ಓಣಿ ಕೂಗಿತು. ಐದನೆಯದು ಮುಗಿದಾಗ ಖೈರುನಬಿ ಮುಂದೆ ಬಂದು ಮಂದಿಯ ಕಡೆ ತಿರುಗಿ ಎದೆ ಬಡಿದುಕೊಂಡಳು. “ನೋಡ್ರಿ! ನನ್ನ ಮಗನ ಮೈಯಾಗ ಹೊಲಸ ಐತಿ ಅಂದ್ರಲ್ಲಾ, ನೋಡ್ರಿ!”

ಇಮಾಮಹುಸೇನ ಪಂಜಾವನ್ನು ಮುಜಾವರನ ಕೈಗೆ ಕೊಟ್ಟ. ಕೊಟ್ಟು ತಿರುಗಿ ಮತ್ತೆ ಕುಣಿಗೆ ಇಳಿದ. ನಡುವೆ ಹೋಗಿ ನಿಂತ. ನಡೆಯಲಿಲ್ಲ, ನಿಂತ.

“ಅಮ್ಮಾ” ಎಂದ. “ಇನ್ನಾ ಎಷ್ಟೊತ್ತು ನಿಂದರಲಿ ಹೇಳು. ನನಗೇನೂ ಗೊತ್ತಾಗೂದಿಲ್ಲ.”

ಮೊದಲು ಎಲ್ಲರೂ “ಯಾ ಹುಸೇನ್” ಎಂದರು. ಆಮೇಲೆ ವಾಸನೆ ಬಂತು. ಹಲಗೆಯ ಬಡಿತ ನಿಂತಿತು. “ಬಾರೋ, ಹೊರಗ ಬಾರೋ” ಎಂದು ತಾಯಿ ಒದರಿದಳು.

“ನೀ ಸಾಕಂದ್ರ ಬರ್ತೇನಿ. ಹೋದ ವರ್ಷ ನಿನ್ನ ಮುಖಾ ನೋಡಿದ್ನಿ. ನೀ ಅನಲಿಲ್ಲ.”

“ಸಾಕೋ! ಸಾಕೋ ನನ್ನಪ್ಪಾ!”

“ಜೋರಾಗಿ ಅನ್ನು. ಕೇಳವಲ್ತು.”

ಅಬ್ದುಲಸಾಬನೂ ಮತ್ತಿಬ್ಬರೂ ನೀರು ಸುರಿದು ಎಳೆದು ಹಾಕಿದರು. ಎಳೆಯುವಾಗಲೂ ಅವನು ತಾಯಿಯನ್ನೇ ನೋಡುತ್ತಿದ್ದ. ಅವಳು ಮಣ್ಣಿನಲ್ಲಿ ಬಿದ್ದು ಹೊರಳುತ್ತಿದ್ದಳು, ಎಬ್ಬಿಸಲು ಯಾರೂ ಬರಲಿಲ್ಲ.

ಎರಡೂ ಪಾದ ಹೋದವು. ದವಾಖಾನೆಯಲ್ಲಿ ಹಿಮ್ಮಡಿಯ ಮೇಲಕ್ಕೆ ಕೊಯ್ದರು. ಕೋರ್ಟಿನ ಜಗಲಿಗೆ ಬೇರೆಯವನು ಬಂದ. ಇಮಾಮಹುಸೇನ ಹುನಗುಂದದ ಕೋಣೆಯಲ್ಲಿ ಕೂತು ಮಂದಿಗೆ ಅರ್ಜಿ ಬರೆದುಕೊಟ್ಟ, ರಂಜಾನಬಿ ಹೊಟ್ಟೆ ಕಟ್ಟಿ ಕಂಡಿಕೆ ಸುತ್ತಿದಳು. ಅವನು ಅವಳಿಗೆ ಒಂದು ಪೆಟ್ಟು ಕೊಟ್ಟವನಲ್ಲ, ಒಂದು ಒಳ್ಳೆಯ ಮಾತನ್ನೂ ಆಡಿದವನಲ್ಲ.

ಖೈರುನಬಿ ಸಂತೆಯ ಗಾಡಿಯಲ್ಲಿ ಬಂದು ಬಾಗಿಲಲ್ಲಿ ಕೂತು ಹೋಗುತ್ತಿದ್ದಳು. ಒಳಗೆ ಬಾ ಎಂದು ಅವನು ಕರೆಯಲಿಲ್ಲ. ರಂಜಾನಬಿ ನೀರು ಕೊಟ್ಟರೆ, “ಇಟ್ಟು ಬಾ, ಕೈಗೆ ಕೊಡಬ್ಯಾಡ” ಎನ್ನುತ್ತಿದ್ದ. ಹದಿನೆಂಟನೆಯ ಇಸವಿಯ ಇನ್‌ಫ್ಲುಯೆಂಜಾ ಜ್ವರ ಅವನನ್ನು ಮೂರು ದಿನದಲ್ಲಿ ಮುಗಿಸಿತು. ಆ ದಿನವೂ ಮುದುಕಿ ಬಾಗಿಲಲ್ಲೇ ಇದ್ದಳು. ಉಸಿರು ನಿಂತದ್ದು ಅವಳಿಗೆ ತಿಳಿಯಲಿಲ್ಲ. ರಂಜಾನಬಿ ಗಂಡನ ಕಣ್ಣು ಮುಚ್ಚಿದಳು. ಹೊರಗೆ ಬಂದು, “ಈಗ ಒಳಗ ಬರ್ರಿ ಅತ್ತಿ, ಇನ್ನ ಅವರು ಏನೂ ಅನ್ನೂದಿಲ್ಲ” ಎಂದಳು.